ಸಿಂಪಲ್ ಅಳಿಯ

ನಮ್ಮ ಅಳಿಯಂದಿರು ‘ಇವತ್ತು ರಾತ್ರಿಗೆ ಏನಾದರೂ ಸಿಂಪಲ್ಲಾಗಿ ಮಾಡಿಬಿಡೋಣ’ ಅಂದರೆಂದರೆ ಸಿಂಕಿಗೆ ಹನ್ನೊಂದು ಪಾತ್ರೆ ಬೀಳುವುದು ಖಚಿತ. ಅಂದಾಜಿನ ಮಾತಲ್ಲ, ಎಣಿಸಿದ್ದೇನೆ. ತೊಳೆಯುವವನು ನಾನೇ.

ಮೊಮ್ಮಗಳಿಗೆ ಒಂದೂವರೆ ವರ್ಷ. ಮಗಳು ಆಫೀಸಿನಿಂದ ಬರುವ ಹೊತ್ತಿಗೆ ಎಂಟಾಗುತ್ತದೆ. ಅಳಿಯಂದಿರದು ಮನೆಯಿಂದಲೇ ಕೆಲಸವಾದ್ದರಿಂದ ರಾತ್ರಿಯ ಅಡುಗೆ ಅವರ ಖಾತೆ. ‘ಕೂಸನ್ನು ಆಡಿಸಿಕೊಂಡಿರಿ, ಬನ್ನಿ’ ಎಂದು ಮಗಳು ನನ್ನನ್ನು ಹಾಸನದಿಂದ ಚೆನ್ನೈನ ಕೀಲ್ಪಾಕಿಗೆ ಹೊರಡಿಸಿದಳು. ಹೊರಡುವ ಮುಂಚೆ ತಮಿಳು ಬಲ್ಲ ಗೆಳೆಯರೊಬ್ಬರು ಕೀಲ್ಪಾಕಿನ ಹೆಸರು ಕೇಳಿ ಕಿಸಕ್ಕನೆ ನಕ್ಕರು. ಯಾಕೆಂದು ಇಲ್ಲಿಗೆ ಬಂದಮೇಲೆ ತಿಳಿಯಿತು. ಮನೋರೋಗದ ದೊಡ್ಡಾಸ್ಪತ್ರೆ 1871ರಿಂದಲೂ ಈ ಕಡೆಯೇ ಇರುವುದರಿಂದ ತಮಿಳು ಸಿನಿಮಾದ ಹಾಸ್ಯಗಾರರಿಗೆ ಕೀಲ್ಪಾಕ್ ಅನ್ನುವುದೇ ಒಂದು ಚಟಾಕಿ. ರೋಗಿಗಳನ್ನು ಆಡಿಕೊಳ್ಳುವ ಆ ನಗೆ ನನಗೆ ಸೇರುವುದಿಲ್ಲ. ಆದರೂ ರಾತ್ರಿ ಏಳೂವರೆಗೆ ತಟ್ಟೆಯ ಮುಂದೆ ಕೂತಾಗ ಅದು ನೆನಪಾಗುವುದುಂಟು.

ಇಂಥ ಅಪ್ಪಂದಿರನ್ನು ನೀವೂ ಕಂಡಿರುತ್ತೀರಿ. ಅಡುಗೆಗೆ ಮುಂಚೆ ಕೈ ತೊಳೆಯುವುದರಲ್ಲಿ ಶಸ್ತ್ರಚಿಕಿತ್ಸಕರು. ತೂಕದ ಯಂತ್ರವಿಲ್ಲದೆ ಬೇಳೆ ಮುಟ್ಟರು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡುತ್ತಾರೆ. ಇಡೀ ಹಣ್ಣು ಎಳೆಗೂಸಿನ ಗಂಟಲಿಗೆ ಸಿಕ್ಕಿಕೊಂಡರೆ ಅಪಾಯ, ಒಪ್ಪುತ್ತೇನೆ. ಆದರೆ ನನ್ನ ಪಾಲಿನ ದ್ರಾಕ್ಷಿಯನ್ನೂ ಸೀಳುತ್ತಾರೆ. ವರ್ಷ ತುಂಬುವವರೆಗೆ ಉಪ್ಪು ಬೇಡವೆಂದು ಮಕ್ಕಳ ವೈದ್ಯರು ಹೇಳಿದ್ದು ನಿಜ. ಕೂಸಿಗೆ ವರ್ಷ ತುಂಬಿ ಆರು ತಿಂಗಳಾದರೂ ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ಅಟ್ಟದಿಂದ ಇಳಿದಿಲ್ಲ. ನನಗೆ 71. ನನಗೂ ಇನ್ನೂ ವರ್ಷ ತುಂಬಿಲ್ಲವೆಂದು ಕಾಣುತ್ತದೆ.

ಬಂದ ಮೊದಲ ರಾತ್ರಿ ತಿಳಿಸಾರು. ಕೀಲ್ಪಾಕಿನ ನೀರಿನ ಕೇಂದ್ರ 1914ರಿಂದ ಮದರಾಸಿಗೆ ನೀರು ಕೊಡುತ್ತಿದೆಯಂತೆ. ಸಾರು ಅಲ್ಲಿಂದಲೇ ನೇರವಾಗಿ ಬಂದಂತಿತ್ತು. ಎರಡನೆಯ ರಾತ್ರಿ ನನಗೆ ರಾಗಿಯ ಪರಿಚಯ ಮಾಡಿಕೊಟ್ಟರು. ಹಾಸನದವನಿಗೆ! ‘ಮಾವಾ, ನೂರು ಗ್ರಾಮಿಗೆ ಹತ್ತಿರ ಹತ್ತಿರ 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಇದರಲ್ಲಿ’ ಎಂದರು, ಗಂಡಿನ ಕಡೆಯವರು ವರನ ಸಂಬಳ ಹೇಳುವ ಧಾಟಿಯಲ್ಲಿ. ಆಮೇಲೆ ಆ ರಾಗಿಯನ್ನು ನಕ್ಷತ್ರದಾಕಾರಕ್ಕೆ ಕತ್ತರಿಸಿ ತಂದಿಟ್ಟರು. ಬಸ್ಸಾರಿಗೆ ಅದ್ದಿ ನುಂಗಬೇಕಾದ ಪದಾರ್ಥವನ್ನು ಐದು ಮೂಲೆ ಹಿಡಿದು ಅಗಿದೆ. ಕೂಸು ಮಾತ್ರ ತನ್ನ ನಕ್ಷತ್ರವನ್ನು ತೆಗೆದು ನೆಲಕ್ಕೆ ಬಿಟ್ಟಿತು. ಆಕಾಶದ್ದು ಅಪರೂಪಕ್ಕೆ ಬೀಳುತ್ತದೆ, ನಮ್ಮ ಮನೆಯದು ದಿನಾ.

‘ತಿನ್ನಿಸಲೇನಪ್ಪಾ?’ ಎಂದೆ.

‘ಬಲವಂತ ಕೂಡದು ಮಾವಾ.’ ಆಮೇಲೆ ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆಯ ಸೂತ್ರ ಬಿಡಿಸಿ ಹೇಳಿದರು. ಏನು, ಯಾವಾಗ, ಎಲ್ಲಿ ಅನ್ನುವುದು ಹೆತ್ತವರಿಗೆ ಬಿಟ್ಟದ್ದು. ತಿನ್ನುವುದೋ ಬಿಡುವುದೋ, ತಿಂದರೆ ಎಷ್ಟು ಅನ್ನುವುದು ಮಗುವಿಗೆ ಬಿಟ್ಟದ್ದು. ಮೂವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತನಾಗಿದ್ದವನು ನಾನು, ಇಷ್ಟು ಚೊಕ್ಕದಾದ ಪಾಲುಪಟ್ಟಿ ಕಂಡಿರಲಿಲ್ಲ. ತಾತನಿಗೆ ಮಾತ್ರ ಅದರಲ್ಲಿ ಗೇಣು ಜಾಗವಿಲ್ಲ.

ಹೊಸ ತರಕಾರಿಯನ್ನು ಮಗು ಒಪ್ಪಬೇಕಾದರೆ ಎಂಟು ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲ ಮುಂದಿಡಬೇಕಂತೆ. ಅದಕ್ಕೊಂದು ನೋಟ್‌ಬುಕ್ಕು. ‘ಕ್ಯಾರೆಟ್: 12ನೇ ಸಲ. ಮುಟ್ಟಿತು. ಒರೆಸಿಕೊಂಡಿತು.’ ‘ಬೀಟ್‌ರೂಟು: 9. ತಾತನ ಪಂಚೆ.’ ಮಗು ಬಿಟ್ಟದ್ದನ್ನೆಲ್ಲ, ದಂಡವಾಗಬಾರದೆಂದು, ಅಳಿಯಂದಿರೇ ತಿನ್ನುತ್ತಾರೆ. ಮೂರು ತಿಂಗಳಲ್ಲಿ ಆ ಮನೆಯಲ್ಲಿ ಮಗುವಿನ ಊಟದಿಂದ ಮೈ ತುಂಬಿಕೊಂಡವರು ಅವರೊಬ್ಬರೇ: ನಾಲ್ಕು ಕಿಲೋ. ಮಗಳು ಎಂಟಕ್ಕೆ ಬಂದು ‘ಹಸಿವಿಲ್ಲ’ ಅನ್ನುತ್ತಾಳೆ. ಅವಳ ದುಪಟ್ಟಾ ಹೋಟೆಲಿನ ತುಪ್ಪದ ದೋಸೆಯ ಪರವಾಗಿ ಸಾಕ್ಷಿ ಹೇಳುತ್ತದೆ.

ಇಷ್ಟೆಲ್ಲದರ ನಡುವೆ ಕೂಸು ಗುಂಡುಗುಂಡಾಗಿದೆ. ಅಳಿಯಂದಿರಿಗೆ ಅದೇ ಸೋಜಿಗ. ‘ನೋಡಿ ಮಾವಾ, ಏನೂ ತಿನ್ನದ ಹಾಗೆ ಕಂಡರೂ ಬೇಕಾದಷ್ಟನ್ನು ದೇಹ ತಾನೇ ತೆಗೆದುಕೊಳ್ಳುತ್ತದೆ!’ ನಾನು ಪಾತ್ರೆ ಉಜ್ಜುತ್ತಾ ಹೂಂ ಎಂದೆ.

ಇನ್ನೊಂದು ಒಗಟು ಅವರನ್ನು ಕಾಡುತ್ತಿತ್ತು. ಸಂಜೆ ಐದಾಗುತ್ತಿದ್ದಂತೆ ಕೂಸು ಬಾಗಿಲ ಕಡೆ ಕೈ ಚಾಚಿ ‘ಚಡ್ಡಿ, ಚಡ್ಡಿ’ ಅನ್ನುತ್ತದೆ. ಅವರು ಪಾಪ, ಮೀಟಿಂಗನ್ನು ಅರ್ಧಕ್ಕೆ ಬಿಟ್ಟು ಓಡಿಬಂದು ಒಣಗಿದ ಚಡ್ಡಿಯನ್ನೇ ಬದಲಿಸುತ್ತಾರೆ. ‘ಗಾಳಿಗೆ ಕರೆದುಕೊಂಡು ಹೋಗುತ್ತೇನೆ’ ಎಂದು ನಾನು ಎತ್ತಿಕೊಂಡು ಹೊರಡುತ್ತೇನೆ. ಗಾಳಿ ಇರುವುದು ಎದುರು ಮನೆಯಲ್ಲಿ.

ಕೀಲ್ಪಾಕಿನಲ್ಲಿ ಮಾರ್ವಾಡಿ ಜೈನರ ಮನೆಗಳು ಬಹಳ. ಎದುರು ಮನೆಯ ಅಜ್ಜಿ ಕಟ್ಟಾ ನೇಮದವರು, ಸೂರ್ಯ ಮುಳುಗಿದ ಮೇಲೆ ತುತ್ತೆತ್ತುವುದಿಲ್ಲ. ನಾನು ಬಂದ ಮೂರನೆಯ ಸಂಜೆಯೇ ಕೂಸು ಅವರ ತಟ್ಟೆಯ ಮುಂದೆ ಹೋಗಿ ಕೂತಿತು. ಹೆಸರುಬೇಳೆ, ಅಕ್ಕಿ, ಚಿಟಿಕೆ ಅರಿಸಿನ, ಉಪ್ಪು, ಮೇಲೆ ಹೊಂಡ ತುಂಬುವಷ್ಟು ತುಪ್ಪ. ಒಂದು ಕುಕ್ಕರು, ಒಂದು ಸೌಟು. ಅಜ್ಜಿ ಬೆರಳಲ್ಲೇ ಮಿದ್ದು ಗುಬ್ಬಿಯಷ್ಟು ತುತ್ತು ಮಾಡಿ ಇಟ್ಟರೆ ಕೂಸು ‘ಚಡಿ’ ಎಂದು ಮತ್ತೆ ಬಾಯಿ ತೆರೆಯುತ್ತದೆ. ಖಿಚಡಿಯ ‘ಖಿ’ ಇನ್ನೂ ಅದರ ನಾಲಿಗೆಗೆ ದಕ್ಕಿಲ್ಲ. ಅಜ್ಜಿಯದು ಮದರಾಸಿನ ತಮಿಳು ಬೆರೆತ ಹಿಂದಿ, ನನ್ನದು ಹಾಸನದ ಕನ್ನಡ. ಬಟ್ಟಲು ಮುಂದೆ ಚಾಚುವುದಕ್ಕೆ ಯಾವ ಭಾಷೆ ಬೇಕು? ನಾಲ್ಕನೆಯ ಸಂಜೆಯಿಂದ ನನಗೂ ಒಂದು ಬಟ್ಟಲು ಇಡುತ್ತಾರೆ. ನೆಲದಡಿ ಬೆಳೆದ ತರಕಾರಿ ಆ ಮನೆಯ ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ಕ್ಯಾರೆಟ್ಟೂ ಬೀಟ್‌ರೂಟೂ ಅಳಿಯಂದಿರ ನೋಟ್‌ಬುಕ್ಕಿನಲ್ಲೇ ಬೆಳೆಯುತ್ತಿವೆ.

ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ. ಏಪ್ರನ್ ಕಟ್ಟಿಕೊಂಡು ಕುಂಬಳಕಾಯಿಯನ್ನು ಬೆರಳುದ್ದಕ್ಕೆ ಹೆಚ್ಚುತ್ತಾ ನಿಂತಿದ್ದ ಆ ಮನುಷ್ಯನನ್ನು ನೋಡಿ ಮುಚ್ಚಿಕೊಂಡೆ. ನಾನು ಅಪ್ಪನಾಗಿದ್ದಾಗ ಮಗಳು ಏನು ಉಂಡಳೆಂದು ಒಂದು ದಿನವಾದರೂ ಕೇಳಿದ್ದೆನೇ?

ಈಗ ನವೆಂಬರು. ಇಲ್ಲಿನ ಸೂರ್ಯ ಐದೂ ಮುಕ್ಕಾಲಿಗೆ ಮುಂಚೆಯೇ ಮುಳುಗುತ್ತಾನಾದ್ದರಿಂದ ನಮ್ಮ ಗಾಳಿಸೇವನೆಯೂ ಹಿಂದಕ್ಕೆ ಸರಿದಿದೆ. ನಿನ್ನೆ ಅಳಿಯಂದಿರು ನೋಟ್‌ಬುಕ್ಕು ಮುಚ್ಚಿ, ‘ಏಳೂವರೆಗೆ ಮಗುವಿಗೆ ನಿದ್ದೆಯ ಹೊತ್ತು ಮಾವಾ, ತಪ್ಪಾಗಿರುವುದೇ ಅಲ್ಲಿ. ಸೋಮವಾರದಿಂದ ಐದು ಗಂಟೆಗೇ ಊಟ. ಏನಾದರೂ ಸಿಂಪಲ್ಲಾಗಿ’ ಎಂದರು.

ಎದೆ ಧಸಕ್ಕೆಂದಿತು. ಕೂಸನ್ನೆತ್ತಿಕೊಂಡು ಎದುರು ಮನೆಗೆ ಹೋಗಿ, ಕೈಬಾಯಿ ಸನ್ನೆಯಲ್ಲೇ ಅಜ್ಜಿಗೆ ವಿಷಯ ಮುಟ್ಟಿಸಿದೆ. ಆಕೆ ನಮ್ಮ ಬಾಗಿಲ ಕಡೆ ಒಮ್ಮೆ ನೋಡಿ, ಕುಕ್ಕರಿಗೆ ಇನ್ನೊಂದು ಹಿಡಿ ಅಕ್ಕಿ ಸುರಿದರು.