ಕೊಳೆ ಮೀಮಾಂಸೆ ಅಥವಾ ಕಾರು ತೊಳೆಯುವ ಯಂತ್ರ ಆರಿಸುವ ಶಾಸ್ತ್ರ

ಕೊಳೆ ದ್ವಿವಿಧ: ಅಡಿಕೆಗೆ ಬರುವುದು, ಕಾರಿಗೆ ಹತ್ತುವುದು. ಮೊದಲನೆಯದಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂದು ಶಾಸ್ತ್ರ ನಿರ್ಣಯಿಸಿದೆ. ಎರಡನೆಯದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಮಲೆನಾಡಿನ ಒಂದು ಪಂಥದ ಪ್ರಕಾರ ಎರಡಕ್ಕೂ ಯಂತ್ರ ಒಂದೇ, ತೋಟಕ್ಕೆ ಔಷಧಿ ಹೊಡೆಯುವ ಪಂಪು. ಪ್ರಸ್ತುತ ಪ್ರಬಂಧಕಾರನೂ ಈ ಪಂಥದವನೇ ಆಗಿದ್ದ. ಪೈಪು ತೊಳೆಯದೆ ಹಿಡಿದ ದಿನ ಬಿಳಿ ಕಾರಿನ ಬಾನೆಟ್ ತುಂಬ ತಿಳಿನೀಲಿ ಚುಕ್ಕಿ. ಜಗಲಿಯಿಂದ ಆಯಿ ಕೇಳಿದಳು: “ತಮಾ, ಕಾರಿಗೂ ಕೊಳೆ ಬಂತನಾ?”

ಈ ಆಕ್ಷೇಪಕ್ಕೆ ಸಮಾಧಾನವಾಗಿ ಪ್ರೆಶರ್ ವಾಷರ್ ಶೋಧನೆ ಆರಂಭವಾಯಿತು.

ಅಂಗಡಿಯಲ್ಲಿ ಮೊದಲು ಎದುರಾಗುವ ಪದಾರ್ಥ ಬಾರ್. (ಬೋರ್ಡು ಹಾಕಿಕೊಂಡ ಬಾರ್ ಬೇರೆ. ಅದು ಒತ್ತಡ ಇಳಿಸುವಂಥದ್ದು, ಇದು ಏರಿಸುವಂಥದ್ದು.) ಬಾರ್‌ವಾದಿಗಳು ಒತ್ತಡವೇ ಸತ್ಯ ಎನ್ನುತ್ತಾರೆ. ಲೀಟರ್‌ವಾದಿಗಳಿಗೆ ನಿಮಿಷಕ್ಕೆಷ್ಟು ನೀರು ಎಂಬುದೇ ಸತ್ಯ. ಸಿದ್ಧಾಂತವೇನೆಂದರೆ, ಬಾರ್ ಕೊಳೆಯನ್ನು ಎಬ್ಬಿಸುತ್ತದೆ, ಲೀಟರ್ ಅದನ್ನು ಗಟಾರದವರೆಗೆ ಕಳಿಸಿ ಬರುತ್ತದೆ. ಕಾರಿಗೆ 100 ಬಾರ್ ಧಾರಾಳ, ಅಂಗಳದ ಪಾಚಿಗೆ 120 ಇರಲಿ, ನಿಮಿಷಕ್ಕೆ ಆರೇಳು ಲೀಟರ್ ಬರಲಿ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಇರುವುದು ಸಾಮಾನ್ಯವಾಗಿ ಗರಿಷ್ಠ ಒತ್ತಡ. ನಿಜವಾಗಿ ದುಡಿಯುವ ಒತ್ತಡ ಸಣ್ಣಕ್ಷರದಲ್ಲಿ, ಭಾಷ್ಯದ ಅಡಿಟಿಪ್ಪಣಿಯಂತೆ ಇರುತ್ತದೆ.

ಮೋಟಾರಿನಲ್ಲೂ ಎರಡು ಜಾತಿ. ಕಾರ್ಬನ್ ಬ್ರಶ್ಶಿನದು ಹಗುರ, ಅಗ್ಗ, ಊರಿಗೆಲ್ಲ ಕೇಳುವಷ್ಟು ಗದ್ದಲ. ಇಂಡಕ್ಷನ್ನಿನದು ಭಾರ, ದುಬಾರಿ, ಆದರೆ ಮಿತಭಾಷಿ, ದೀರ್ಘಾಯುಷಿ.

ಮೂತಿಯ ವಿಚಾರಕ್ಕೆ ಪ್ರತ್ಯೇಕ ಅಧ್ಯಾಯವೇ ಬೇಕು. ಬಣ್ಣ ಬಣ್ಣದ ನಾಝಲ್ ಬರುವ ಯಂತ್ರಗಳಲ್ಲಿ ಕೆಂಪು 0 ಡಿಗ್ರಿ, ಹಳದಿ 15, ಹಸಿರು 25, ಬಿಳಿ 40, ಕಪ್ಪು ಸೋಪಿಗೆ. ಕೆಂಪೆಂದರೆ ಸೂಜಿಧಾರೆ, ಕಾರಿನ ಹತ್ತಿರ ಸುಳಿಯಕೂಡದು. ಬಿಳಿಯನ್ನು ಹಾಕಿ, ಒಂದು ಮೊಳ ದೂರ ನಿಂತು, ಬೀಸಿ ಹಿಡಿಯಬೇಕು. ಇದನ್ನು ಪ್ರಯೋಗದಿಂದಲೇ ಕಂಡುಕೊಂಡದ್ದು: ಹಿಂದಿನ ಗಾಜಿನ ‘ಅಪ್ಪನ ಆಶೀರ್ವಾದ’ ಎಂಬ ಸ್ಟಿಕ್ಕರಿಗೆ ಕೆಂಪು ಮೂತಿ ಹಿಡಿದಾಗ ಅಪ್ಪ ಉಳಿದ, ಆಶೀರ್ವಾದ ಗಟಾರ ಸೇರಿತು.

ಇಷ್ಟೆಲ್ಲ ಅಧ್ಯಯನ ಮಾಡಿ ತಂದ ಯಂತ್ರ ಮೊದಲ ದಿನ ನಮ್ಮ ನಲ್ಲಿಗೆ ಜೋಡಿಸಿದಾಗ ಗುರ್ ಎಂದು ನಡುಗಿತು, ನಾಲ್ಕು ಹನಿ ಉಗುಳಿತು, ನಿಂತಿತು. ಕಾರಣ ಸರಳ. ನೀರು 10 ಮೀಟರ್ ಮೇಲಿದ್ದರೆ ಸಿಗುವ ಒತ್ತಡ ಸುಮಾರು 1 ಬಾರ್. ನಮ್ಮ ಟ್ಯಾಂಕಿ ಇರುವುದು ಮಾಡಿನ ಪಕ್ಕ, ಮೂರೇ ಮೀಟರ್ ಎತ್ತರದಲ್ಲಿ. ಪೈಪು ಬೇರೆ ಸಪೂರ. ಬಾಯಲ್ಲಿ 120 ಬಾರ್ ಎಂದು ಬರೆದುಕೊಂಡವನಿಗೆ ಬಾಲದಲ್ಲಿ ಅರ್ಧ ಬಾರೂ ಸಿಗಲಿಲ್ಲ.

ಆದ್ದರಿಂದ ವಾಚಕರಲ್ಲಿ ವಿನಂತಿ: ದುಡ್ಡು ಎಣಿಸುವ ಮೊದಲು ಒಂದು ಬಕೆಟ್ ನೀರು ತರಿಸಿ, ಅದರಿಂದ ಯಂತ್ರ ತಾನೇ ನೀರೆಳೆಯುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ.