ಬ್ಲೇಡಪ್ಪನವರು

ಯಾದಗಿರಿ ಜಿಲ್ಲೆಯ ದೋರನಹಳ್ಳಿಯಲ್ಲಿ ಗಾಲ್ಫ್ ಮೈದಾನವಿಲ್ಲ. ತೊಗರಿ, ಹತ್ತಿ, ಕಾಲುವೆ ನೀರು ಹರಿದಲ್ಲಿ ಭತ್ತ, ಇಷ್ಟಕ್ಕೇ ಹೊಲ ಸಾಲದ ಸೀಮೆಯಲ್ಲಿ ಹದಿನೆಂಟು ಗುಳಿ ತೋಡಿ ಒಂದರಲ್ಲೂ ಬೀಜ ಹಾಕದೆ ಬಿಡಲು ಯಾರಿಗೆ ಮನಸ್ಸು ಬಂದೀತು? ಆದರೂ ಬ್ಲೇಡಪ್ಪನವರನ್ನು ಅರ್ಥ ಮಾಡಿಕೊಳ್ಳಬೇಕಾದರೆ ಇಂಥ ಊರಿನಿಂದಲೇ ಹೊರಡಬೇಕು. ಬ್ಲೇಡಪ್ಪ ಎಂಬುದು ಒಬ್ಬರ ಹೆಸರಲ್ಲ, ಒಂದು ತಳಿಯ ಹೆಸರು. ಶಹಾಪುರ ತಾಲ್ಲೂಕಿನ ಯಾವುದೋ ಓಣಿಯಲ್ಲಿ ಚಿಣಿದಾಂಡು ಆಡಿ, ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದಿ, ಸರ್ಕಾರಿ ಇಲಾಖೆಯೊಂದರಲ್ಲಿ ಮೂವತ್ತೈದು ವರ್ಷ ಕಡತಗಳ ನಡುವೆ ಸವೆದು, ಬೆಂಗಳೂರಿನಲ್ಲಿ ನಿವೃತ್ತರಾದವರು ಅವರು. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಲ್ಲೋ, ಹಳೆ ವಿಮಾನ ನಿಲ್ದಾಣದ ರಸ್ತೆ ಕಡೆಯ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲೋ ಬೆಳಗಿನ ಆರೂವರೆಗೆ ಕಣ್ಣಿಗೆ ಬೀಳುತ್ತಾರೆ. ಉಳಿದವರ ಚೀಲದಲ್ಲಿ ಈ ವರ್ಷದ ಕೋಲುಗಳಿದ್ದರೆ ಅವರ ಚೀಲದಲ್ಲಿ ಅವರು ಹೈಸ್ಕೂಲಿನಲ್ಲಿದ್ದ ಕಾಲದ ಕಬ್ಬಿಣಗಳು, ಅಂದರೆ ಲೋಹದ ತಲೆಯ ಕೋಲುಗಳು. ಇವುಗಳಿಗೆ ಗಾಲ್ಫಿನವರು ಬ್ಲೇಡ್ ಎನ್ನುತ್ತಾರೆ. ಬೆಂಗಳೂರಿನ ಹುಡುಗರು ಇದೇ ಮಾತನ್ನು ತಲೆ ಕೊರೆಯುವವರ ಬಗ್ಗೆ ಬಳಸುತ್ತಾರೆ. ಬ್ಲೇಡಪ್ಪನವರ ಹೆಸರಿನಲ್ಲಿ ಎರಡೂ ಅರ್ಥ ಕೂಡಿವೆ.

ಕೊರೆತದ ಮೊದಲ ಅಧ್ಯಾಯ ಕುಲುಮೆಯದು. ಮೆತ್ತನೆಯ ಉಕ್ಕಿನ ಸರಳನ್ನು ಕೆಂಪಗೆ ಕಾಯಿಸಿ, ಅಚ್ಚಿನಲ್ಲಿಟ್ಟು ಬಡಿದು, ಸಾಣೆ ಹಿಡಿದು, ಮೇಲೆ ಕ್ರೋಮ್ ಲೇಪಿಸಿದ ತೆಳ್ಳನೆಯ ತಲೆ ಬ್ಲೇಡಿನದು. ಬೆನ್ನು ಸಪಾಟು, ಮೈಯಲ್ಲಿ ಒಂದು ಗುಂಜಿ ಹೆಚ್ಚಿನ ಮಾಂಸವಿಲ್ಲ. ಬಡಿದದ್ದಕ್ಕೆ ಜೀವವಿರುತ್ತದೆ, ಎರಕ ಹೊಯ್ದದ್ದು ಹೆಣ ಎಂಬುದು ಅವರ ಸಿದ್ಧಾಂತ. ಇದೇ ತಲೆಯನ್ನು ನಮ್ಮ ಕಡೆಯ ಕಂಬಾರನೊಬ್ಬನ ಕೈಗಿಟ್ಟರೆ ಅವನು ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, “ಸಾಹೇಬ್ರ, ಇದಕ ಬಾಯೇ ಇಲ್ಲಲ್ರಿ, ಇದರ್ಲಿಂದ ಏನ್ ಕೊಯ್ತೀರಿ?” ಎಂದು ಕೇಳುವುದು ಖಂಡಿತ. ಅವನ ಲೆಕ್ಕದಲ್ಲಿ ಬಡಿಯುವುದು ಕುಡಗೋಲಿಗೆ, ಕುಂಟಿಗೆ, ನೇಗಿಲ ಗುಳಕ್ಕೆ. ಎರಕವನ್ನು ಹೀಗಳೆಯುವುದಂತೂ ಅವನಿಗೆ ಒಪ್ಪಿಗೆಯಾಗದು, ಯಾಕೆಂದರೆ ಊರ ದೇವರ ಪಂಚಲೋಹದ ಉತ್ಸವಮೂರ್ತಿ ಮೇಣದಚ್ಚಿನಲ್ಲಿ ಎರಕ ಹೊಯ್ದದ್ದು. 1960ರ ದಶಕದಲ್ಲಿ ಅಮೆರಿಕದ ಕಾರ್ಸ್ಟನ್ ಸೋಲ್ಹೈಮ್ ತಮ್ಮ ಪಿಂಗ್ ಕಂಪನಿಯ ಗಾಲ್ಫ್ ಕಬ್ಬಿಣಗಳನ್ನು ಮಾಡಿದ್ದೂ ಇದೇ ಮೇಣದ ದಾರಿಯಲ್ಲಿ. ಸೋಲ್ಹೈಮ್ ಕೂಡ ಎಂಜಿನಿಯರೇ. ಇದನ್ನು ಬ್ಲೇಡಪ್ಪನವರಿಗೆ ನೆನಪಿಸಿದರೆ ಅವರು ಶೂ ದಾರ ಕಟ್ಟಿಕೊಳ್ಳಲು ಬಗ್ಗುತ್ತಾರೆ.

ಸೋಲ್ಹೈಮ್ ಮಾಡಿದ ಕೆಲಸ ಕಾವಡಿ ಹೊತ್ತವರಿಗೆ ಕೂಡಲೇ ತಿಳಿಯುತ್ತದೆ. ತಲೆಯ ಮೇಲೆ ಒಂದೇ ಗಂಟು ಹೊತ್ತವನು ಸಲೀಸಾಗಿ ಗಿರಕಿ ಹೊಡೆಯಬಲ್ಲ. ಕಾವಡಿಯ ಎರಡು ತುದಿಗೆ ಎರಡು ಕೊಡ ತೂಗುಹಾಕಿದವನನ್ನು ತಿರುಗಿಸುವುದು ಕಷ್ಟ. ಹೊಸ ಕಬ್ಬಿಣದಲ್ಲಿ ಬೆನ್ನು ಬಗೆದು, ಅಲ್ಲಿನ ತೂಕವನ್ನು ಅಂಚಿಗೆ ಸಾಗಿಸಿರುತ್ತಾರೆ. ಚೆಂಡು ನಡುವಿಗೆ ತಾಗದೆ ಬದಿಗೆ ತಾಗಿದರೂ ತಲೆ ಹೆಚ್ಚು ತಿರುಚಿಕೊಳ್ಳದು. ಚೆಂಡು ಹೆಚ್ಚುಕಡಿಮೆ ಹೋಗಬೇಕಾದಲ್ಲಿಗೇ ಹೋಗುತ್ತದೆ. ಬ್ಲೇಡಿನಲ್ಲಿ ಈ ದಾಕ್ಷಿಣ್ಯವಿಲ್ಲ. ಗಾಲ್ಫಿನವರು ಸ್ವೀಟ್ ಸ್ಪಾಟ್ ಎನ್ನುವ ನಡುವಿನ ಆ ಸಿಹಿ ಜಾಗ ತಪ್ಪಿತೋ, ಚೆಂಡು ದಾರಿ ಬಿಡುತ್ತದೆ, ಡಿಸೆಂಬರಿನ ಬೆಳಗಿನಲ್ಲಾದರೆ ಅಂಗೈಯಿಂದ ಮೊಣಕೈವರೆಗೆ ಝುಮ್ಮೆನ್ನುತ್ತದೆ. ಇಲ್ಲಿ ಕೊರೆತದ ಎರಡನೆಯ ಅಧ್ಯಾಯ, ಅಮೆರಿಕದ ಗಾಲ್ಫ್ ಆಟಗಾರ ಬೆನ್ ಹೋಗನ್. 1949ರಲ್ಲಿ ಅವರ ಕಾರಿಗೆ ಬಸ್ ಬಡಿದು ಮತ್ತೆ ನಡೆದಾರೇ ಎಂಬ ಅನುಮಾನವಿತ್ತು. ಮರುವರ್ಷ ಮೇರಿಯನ್ ಮೈದಾನದಲ್ಲಿ ಒಂದನೇ ನಂಬರಿನ ಕಬ್ಬಿಣದಿಂದ ಕೊನೆಯ ಗುಳಿಯ ಸುತ್ತಲಿನ ಹಸಿರಿಗೆ ಚೆಂಡು ಮುಟ್ಟಿಸಿ, ಮರುದಿನ ಅಮೆರಿಕದ ಓಪನ್ ಗೆದ್ದರು. ಆ ಕೋಲು ಅಲ್ಲೇ ಕಳುವಾಗಿ 1983ರಲ್ಲಿ ಮತ್ತೆ ಸಿಕ್ಕಿತು. ಅದರ ಮುಖದಲ್ಲಿ ಸವೆದಿದ್ದದ್ದು ಚಿಕ್ಕ ನಾಣ್ಯದಷ್ಟು ಜಾಗ ಮಾತ್ರವಂತೆ. ಬ್ಲೇಡಪ್ಪನವರ ಕೋಲುಗಳಲ್ಲಿ ಆ ನಾಣ್ಯದಷ್ಟು ಜಾಗವನ್ನು ಬಿಟ್ಟು ಉಳಿದೆಲ್ಲ ಸವೆದಿರುತ್ತದೆ.

ಹಾಗಾದರೆ ಯಾಕೆ ಈ ಹಟ? ಜಂಬ ಎನ್ನುವವರಿದ್ದಾರೆ. ಎಚ್‌ಎಂಟಿ ಗಡಿಯಾರ ಕಟ್ಟಿ, ಜಾವಾ ಬೈಕು ಒದ್ದು ಒದ್ದು ಸ್ಟಾರ್ಟ್ ಮಾಡುವವರ ಸಾಲಿಗೆ ಇವರನ್ನೂ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಎಚ್‌ಎಂಟಿ ಕಟ್ಟಿದವನಿಗೂ ಹೊತ್ತು ಸರಿಯಾಗಿಯೇ ಸಿಗುತ್ತದೆ, ಜಾವಾ ಏರಿದವನೂ ಊರು ಮುಟ್ಟುತ್ತಾನೆ. ಬ್ಲೇಡಪ್ಪನವರ ಚೆಂಡು ಮಾತ್ರ ಪೊದೆಗೆ ಹೋಗುತ್ತದೆ. ವಾರಕ್ಕೆ ಮೂರು ದಿನ ನಾಲ್ಕು ಜನರ ಮುಂದೆ ಪೊದೆಯಲ್ಲಿ ಚೆಂಡು ಹುಡುಕುವುದು ಜಂಬದ ಲಕ್ಷಣವಾಗಿದ್ದರೆ ಆ ಪದಕ್ಕೆ ಹೊಸ ನಿಘಂಟು ಬೇಕಾದೀತು. ಅವರ ಹಿಂದಿನ ಮೂವತ್ತೈದು ವರ್ಷ ನೋಡಿ. ಅವರಿದ್ದ ಲೋಕದಲ್ಲಿ ಕಾಲುವೆ ಒಡೆದರೆ ತಪ್ಪು ಕೆಳಗಿನವರ ಟಿಪ್ಪಣಿಯಿಂದ ಮೇಲಿನವರ ಷರಾಕ್ಕೆ, ಅಲ್ಲಿಂದ ಗುತ್ತಿಗೆದಾರನಿಗೆ, ಅಲ್ಲಿಂದ ಮಳೆಗೆ, ಮಳೆಯಿಂದ ಏರಿಯೊಳಗೆ ಬಿಲ ತೋಡಿದ ಹೆಗ್ಗಣಕ್ಕೆ ಸಾಗಿ ಅಲ್ಲೇ ವಿಲೇವಾರಿಯಾಗುತ್ತಿತ್ತು. ಹೆಗ್ಗಣ ಎಂದೂ ಉತ್ತರ ಬರೆಯಲಿಲ್ಲ. ಇಂಥ ಲೋಕದಿಂದ ಹೊರಬಂದವರಿಗೆ, ಕೋಲು ಚೆಂಡಿಗೆ ತಾಗಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು, ಅಷ್ಟರಲ್ಲೇ ತಪ್ಪು ಯಾರದೆಂದು ತನಿಖೆ ಮುಗಿದು ತೀರ್ಪು ಅಂಗೈಗೇ ಬರುತ್ತದೆ ಎಂದರೆ ಎಂಥ ಸುಖವಿರಬೇಕು! ಕಡತವಿಲ್ಲ, ಷರಾ ಇಲ್ಲ, ಹೆಗ್ಗಣವಂತೂ ಇಲ್ಲವೇ ಇಲ್ಲ. ಹೊಸ ಕೋಲು ಈ ತಪ್ಪನ್ನು ಮುಚ್ಚಿಹಾಕುತ್ತದೆ. ಮುಚ್ಚಿಹಾಕುವ ಕಲೆಯನ್ನು ಅವರು ಸಂಬಳ ಪಡೆದೇ ಕಲಿತವರು, ಮತ್ತೆ ಅದಕ್ಕೇ ದುಡ್ಡು ಕೊಡಲು ಅವರಿಗೆ ಇಷ್ಟವಿಲ್ಲ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಹಳೆ ಕೋಲು ಎಂಬುದೇ ನಿರೀಕ್ಷಣಾ ಜಾಮೀನು ಅಲ್ಲವೇ, ಸೋತರೆ “ಕೋಲು ಹಳೆಯದು” ಎನ್ನಬಹುದಲ್ಲ, ಎಂದು. ಹೊರಗಿನಿಂದ ಹಾಗೆ ಕಾಣುತ್ತದೆ. ಆದರೆ ಇದಕ್ಕಿಂತ ಒಳ್ಳೆಯ ಕೋಲು ಭೂಮಿಯ ಮೇಲಿಲ್ಲ ಎಂದು ಹತ್ತು ವರ್ಷದಿಂದ ಸಾರುತ್ತ ಬಂದವರು ಯಾವ ಬಾಯಲ್ಲಿ ಕೋಲನ್ನು ದೂರುತ್ತಾರೆ? ಕೋಲನ್ನು ದೂರುವವರು ಹೊಸ ಕೋಲಿನವರೇ. ದೂರಿ ದೂರಿಯೇ ಅವರು ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು. ಇನ್ನು ಒಂದು ವಿಷಯದಲ್ಲಿ ಬ್ಲೇಡಪ್ಪನವರ ಮಾತು ಮುಕ್ಕಾಲು ಪಾಲು ನಿಜ. 1970ರ ದಶಕದ ಏಳನೇ ನಂಬರಿನ ಕಬ್ಬಿಣದ ಮುಖ ಸುಮಾರು 36ರಿಂದ 38 ಡಿಗ್ರಿ ಹಿಂದಕ್ಕೆ ವಾಲಿರುತ್ತಿತ್ತು. ಈಗಿನ ಎಷ್ಟೋ ಏಳನೇ ನಂಬರುಗಳು 30ರ ಆಸುಪಾಸಿನಲ್ಲಿವೆ. ಅಂದರೆ ಕಡಿಮೆ ವಾಲಿ ಚೆಂಡನ್ನು ಹೆಚ್ಚು ದೂರ ಕಳಿಸುವ ಹಳೆಯ ಐದನ್ನೇ ಏಳು ಎಂದು ಕೆತ್ತಿ ಮಾರುತ್ತಿದ್ದಾರೆ, ಸಾದಾ ಬಸ್ಸಿಗೆ ವೇಗದೂತ ಎಂದು ಬೋರ್ಡು ಹಾಕಿದ ಹಾಗೆ. ಉಳಿದ ಕಾಲು ಪಾಲನ್ನು ಅವರು ನುಂಗಿಕೊಳ್ಳುತ್ತಾರೆ: ಹೊಸದರಲ್ಲಿ ತೂಕ ತಳಕ್ಕಿಳಿದಿರುವುದರಿಂದ ವಾಲಿಕೆ ಕಡಿಮೆಯಾದರೂ ಚೆಂಡು ಎತ್ತರಕ್ಕೇ ಏಳುತ್ತದೆ. ಬೋರ್ಡಿನ ಜೊತೆ ಎಂಜಿನ್ನೂ ಸ್ವಲ್ಪ ಬದಲಾಗಿದೆ.

ಅವರ ವೀರತ್ವಕ್ಕೆ ನಿಜವಾಗಿ ಮುಕ್ಕು ತರುವುದು ಹ್ಯಾಂಡಿಕ್ಯಾಪ್. ಗಾಲ್ಫಿನಲ್ಲಿ ಕೆಟ್ಟದಾಗಿ ಆಡುವವರಿಗೆ ಇಷ್ಟು ಹೊಡೆತ ಎಂದು ರಿಯಾಯಿತಿ ಉಂಟು. ಅಂಕ ಕೆಟ್ಟಷ್ಟೂ ಅದು ಏರುತ್ತ ಹೋಗುತ್ತದೆ. ಯಾದಗಿರಿ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೆಳೆ ಹೋದವರಿಗೆ ಬರ ಪರಿಹಾರ. ವ್ಯತ್ಯಾಸವೆಂದರೆ ಬ್ಲೇಡಪ್ಪನವರದು ಕೈಯಾರೆ ತಂದುಕೊಂಡ ಬರ, ಪರಿಹಾರ ಮಾತ್ರ ತಪ್ಪದೆ ಬರುತ್ತದೆ. ತಪ್ಪಿನ ತೀರ್ಪು ಅಂಗೈಗೆ ಬಂದರೂ ದಂಡದಲ್ಲಿ ಒಂದು ಪಾಲನ್ನು ಸಮಿತಿ ಕಟ್ಟಿಕೊಡುತ್ತದೆ. ಹಳೆಯ ಇಲಾಖೆಯ ವಾಸನೆ ಪೂರ್ತಿ ಹೋಗಿಲ್ಲ.

ಬ್ಲೇಡಿನಲ್ಲಿ ಆಡಿದರೆ ಆಟ ಸುಧಾರಿಸುತ್ತದೆ, ವೃತ್ತಿಪರರೂ ಬ್ಲೇಡ್ ಹಿಡಿಯುತ್ತಾರೆ ಎಂಬ ವಾದವನ್ನು ಹೆಚ್ಚು ಎಳೆಯುವುದು ಬೇಡ. ಟೈಗರ್ ವುಡ್ಸ್ ಬ್ಲೇಡಿನಲ್ಲಿ ಗೆದ್ದದ್ದು ನಿಜ. ಒಳ್ಳೆಯ ಅಡುಗೆಯವನು ಚಪ್ಪಡಿ ಕಲ್ಲಿನ ಮೇಲೂ ರೊಟ್ಟಿ ಸುಡುತ್ತಾನೆ, ಅದಕ್ಕೆ ಕಲ್ಲನ್ನು ಹೊಗಳಬೇಕಿಲ್ಲ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬೇರೆಯವರ ಚೀಲ ಹೊತ್ತು ಬೆಳೆದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಅವರಂತೆ ಹೊಟ್ಟೆಪಾಡಿಗೆ ಆಡುವವರು ಚೆಂಡು ನೆಟ್ಟಗೆ ಹೋಗುವ ಕೋಲನ್ನು ಹುಡುಕುತ್ತಾರೆಯೇ ಹೊರತು ತಮಗೆ ಬುದ್ಧಿ ಹೇಳುವ ಕೋಲನ್ನಲ್ಲ. ಬುದ್ಧಿ ಹೇಳಿಸಿಕೊಳ್ಳುವುದಕ್ಕೆ ಪಿಂಚಣಿ ಬರುತ್ತಿರಬೇಕು.

ನಿಮ್ಮ ಹೆಸರನ್ನು ಎಂದಾದರೂ ಅವರ ಜೋಡಿಗೆ ಹಾಕಿದರೆ ಧೈರ್ಯವಾಗಿ ಹೋಗಿ. ಆಟದಲ್ಲಿ ನಿಯತ್ತಿನ ಜನ, ಪೊದೆಯೊಳಗೆ ಯಾರೂ ನೋಡದಿದ್ದಾಗಲೂ ಚೆಂಡನ್ನು ಕಾಲಲ್ಲಿ ಸರಿಸುವವರಲ್ಲ. ಆದರೆ ಅವರು ಹೊಡೆದು ಅಂಗೈ ಉಜ್ಜಿಕೊಳ್ಳುವಾಗ “ಏನಾಯ್ತು ಸಾರ್?” ಎಂದು ಮಾತ್ರ ಕೇಳಬೇಡಿ. ಉತ್ತರ ಕುಲುಮೆಯಿಂದ ಹೊರಟು 1950ರ ಮೇರಿಯನ್ನಿಗೆ ಬರುವಷ್ಟರಲ್ಲಿ ಬಿಸಿಲೇರಿರುತ್ತದೆ, ಮತ್ತು ಗುಳಿಗಳಿರುವುದು ಹದಿನೆಂಟೇ.