ಅರವತ್ತೈದು ಗುಣದ ವರ

ನಾವು ಓದುವ ಕಾಲದಲ್ಲಿ ಪಿಯುಸಿ ಮುಗಿಸಿದ ಹುಡುಗನನ್ನು ಊರೆಲ್ಲ ಕೇಳುತ್ತಿದ್ದದ್ದು ಒಂದೇ: 'ಇದನ್ನ ಓದಿದ್ರೆ ಕೆಲಸ ಸಿಗುತ್ತೇನಪ್ಪ?' ಈಗ ಆ ಪ್ರಶ್ನೆಗೆ ವಯಸ್ಸಾಗಿದೆ. ಮೆಲ್ಬರ್ನಿನ ನಮ್ಮ ಮನೆಗೆ ದಾವಣಗೆರೆಯಿಂದ, ಹಾಸನದಿಂದ, ರಾಜಾಜಿನಗರದಿಂದ ಬರುವ ಫೋನುಗಳಲ್ಲಿ 'ಚೆನ್ನಾಗಿದೀರಾ' ಮುಗಿಯುವ ಮೊದಲೇ ಹೊಸ ಪ್ರಶ್ನೆ ಹಾರಿ ಬರುತ್ತದೆ: 'ಯಾವ ಕೋರ್ಸಿಗೆ ಪಿಆರ್ ಇದೆ?' ಪಿಆರ್ ಎಂದರೆ ಆಸ್ಟ್ರೇಲಿಯಾದಲ್ಲಿ ಕಾಯಂ ವಾಸದ ಪರವಾನಗಿ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಎಂಬತ್ತು ದಾಟಿದ ನಮ್ಮಮ್ಮನೇ ನೆಂಟರಿಷ್ಟರನ್ನು ಪಿಆರ್ ಆದವರು, ಆಗದವರು, ಆಗಿಯೂ ಫೋನ್ ಮಾಡದವರು ಎಂದು ಮೂರು ಪಾಲು ಮಾಡಿಟ್ಟಿದ್ದಾಳೆ.

ಈ ಸಲ ಹೊರಟು ನಿಂತವನು ನಮ್ಮಕ್ಕನ ಮಗ. ಬಿ.ಕಾಂ. ಮುಗಿಸಿ ಖಾಸಗಿ ಬ್ಯಾಂಕೊಂದರಲ್ಲಿ ಸಾಲ ವಸೂಲಿಗೆ ಫೋನ್ ಮಾಡುವ ಕೆಲಸ. ಅವನ ಪರವಾಗಿ ನಮಗೆ ಫೋನ್ ಮಾಡುವುದು ಭಾವ. ಭಾವ ಊಟ ಮುಗಿಸಿ, ವಾರ್ತೆ ನೋಡಿ, ಎಲೆ ಅಡಿಕೆ ಹಾಕಿಕೊಂಡು ರಾತ್ರಿ ಹತ್ತಕ್ಕೆ ನಿಶ್ಚಿಂತೆಯಿಂದ ಕೂರುತ್ತಾರೆ. ಆಗ ನಮಗಿಲ್ಲಿ ನಡುರಾತ್ರಿ ಎರಡೂವರೆ. 'ಮಲಗಿದ್ದೇನಪ್ಪ?' ಎಂದು ಕೇಳುವ ಸೌಜನ್ಯ ಅವರಿಗಿದೆ. ಉತ್ತರಕ್ಕೆ ಕಾಯುವ ಅಭ್ಯಾಸವಿಲ್ಲ.

ಭಾವನಿಗೆ ಮಗ ಎಂಬಿಎ ಮಾಡಬೇಕೆಂಬ ಆಸೆ. ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ ಮೂರಕ್ಷರ ಅಚ್ಚುಕಟ್ಟಾಗಿ ಕೂರುತ್ತದಲ್ಲ. ಆದರೆ ಆಸ್ಟ್ರೇಲಿಯಾ ಸರ್ಕಾರ ಮೊದಲು ಕೇಳುವುದು ಪದವಿಯನ್ನಲ್ಲ, ಕಸುಬನ್ನು. ಯಾವ ಕಸುಬಿನವರು ಬೇಕು ಎಂಬುದಕ್ಕೆ ಪಟ್ಟಿಗಳಿವೆ, ಪ್ರತಿ ಕಸುಬಿಗೂ ಆರಂಕಿಯ ಸಂಖ್ಯೆ ಇದೆ. ಅಕೌಂಟೆಂಟ್ 221111, ಶಿಶುವಿಹಾರದ ಶಿಕ್ಷಕ 241111, ಗೋಡೆಗೂ ನೆಲಕ್ಕೂ ಟೈಲ್ಸ್ ಹಾಕುವವನು 333411. ಭಾವ ಇವನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದಿಟ್ಟರು. ಹಾಲಿನ ಲೆಕ್ಕ ನೋಡಲು ಹೋದ ಅಕ್ಕ, 'ಇವೆಲ್ಲ ಯಾವೂರಿನ ಪಿನ್ ಕೋಡ್ರೀ?' ಎಂದು ಕೇಳಿದಳಂತೆ.

'ನಮ್ಮ ಮನಿಗೆ ಟೈಲ್ಸ್ ಹಾಕಿದವನ ಕಸುಬು ಪಟ್ಟಿಯಾಗೈತಿ, ಎಂಬಿಎ ಇಲ್ಲ ಅಂದ್ರೆ ಇದ್ಯಾವ ನ್ಯಾಯನಪ್ಪ?' ಎಂದು ಭಾವ ನಡುರಾತ್ರಿ ನನ್ನನ್ನು ಆಸ್ಟ್ರೇಲಿಯಾದ ಪ್ರತಿನಿಧಿಯೆಂದೇ ತಿಳಿದು ತರಾಟೆಗೆ ತೆಗೆದುಕೊಂಡರು. ಬಿ.ಕಾಂ. ಹುಡುಗನಿಗೆ ಅಕೌಂಟಿಂಗ್ ಇದೆಯಲ್ಲ ಎಂದೆ. ಅಲ್ಲಿ ಆಗಲೇ ವಿಪರೀತ ನೂಕುನುಗ್ಗಲೆಂದು ದಾವಣಗೆರೆಯ ಏಜೆಂಟು ಹೇಳಿಬಿಟ್ಟಿದ್ದನಂತೆ. ಕೊನೆಗೆ ಶಿಶುವಿಹಾರದ ಶಿಕ್ಷಕ ಎಂದು ಗೊತ್ತಾಯಿತು. ಹುಟ್ಟಿದಾರಭ್ಯ ಒಂದು ಕೂಸನ್ನೂ ಎತ್ತಿಕೊಳ್ಳದವನು, ಕಂತು ಕಟ್ಟದವರನ್ನು ಗದರಿಸುವುದರಲ್ಲಿ ಪಳಗಿದವನು, ನಾಲ್ಕು ವರ್ಷದ ಮಕ್ಕಳಿಗೆ ಮೇಷ್ಟ್ರಾಗುತ್ತಾನೆ.

ಅವನಿಗೇನು ಇಷ್ಟ ಅಂತ ಯಾರಾದರೂ ಕೇಳಿದಿರಾ ಎಂದಳು ನನ್ನ ಹೆಂಡತಿ. ಫೋನಿನ ಆ ತುದಿಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಭಾವನ ದನಿ: 'ಇಷ್ಟ ಎಲ್ಲಿ ಹೋಗ್ತತಮ್ಮ, ಪಿಆರ್ ಆದಮ್ಯಾಲೆ ಇದ್ದೇ ಇರ್ತತಿ.'

ಇಷ್ಟದ ಪ್ರಶ್ನೆಯನ್ನು ಸರ್ಕಾರವೂ ಕೇಳುತ್ತದೆ. 2024ರ ಮಾರ್ಚಿಗೆ ಮುಂಚೆ ಬರುವ ವಿದ್ಯಾರ್ಥಿಗಳೆಲ್ಲ 'ನಾನು ತಾತ್ಕಾಲಿಕವಾಗಿ ಬರುತ್ತಿದ್ದೇನೆ' ಎಂದು ನಂಬಿಸುವ ಪ್ರಬಂಧ ಬರೆಯಬೇಕಿತ್ತು. ಊರಲ್ಲಿ ಅಪ್ಪನ ತೋಟ, ಅಜ್ಜಿಯ ಆರೋಗ್ಯ, ತಂಗಿಯ ಮದುವೆ ಎಂದು ವಾಪಸು ಬರುವ ಕಾರಣಗಳನ್ನು ಪೋಣಿಸುವಾಗ, ಎಂದೂ ತೋಟದ ಕಡೆ ತಲೆ ಹಾಕದವರೂ ಅಡಿಕೆ ಮರಗಳನ್ನು ನೆನೆದು ಕಣ್ಣೀರಿಟ್ಟರು. ಈಗ ಅದು ಹೋಗಿ, ಈ ಕೋರ್ಸೇ ಏಕೆ, ಈ ದೇಶವೇ ಏಕೆ ಎಂದು ಕೇಳುತ್ತಾರೆ. ಒಂದೊಂದಕ್ಕೂ 150 ಪದದೊಳಗೆ ಉತ್ತರ. ನಮ್ಮ ಹುಡುಗನ ಮೊದಲ ಕರಡಿನಲ್ಲಿ ಎರಡೇ ಪದವಿತ್ತು: 'ಅಪ್ಪ ಹೇಳಿದರು.' ಸತ್ಯವಾದ್ದರಿಂದ ತಿದ್ದುವುದು ಕಷ್ಟವಾಯಿತು. ತಿದ್ದದೆ ಕಳಿಸುವಂತೆಯೂ ಇಲ್ಲ. 710 ಡಾಲರಿದ್ದ ವಿದ್ಯಾರ್ಥಿ ವೀಸಾ ಶುಲ್ಕ 2024ರ ಜುಲೈಯಲ್ಲಿ 1600 ಆಗಿ, ಮರುವರ್ಷ 2000ಕ್ಕೆ ಏರಿದೆ.

ಪಟ್ಟಿಯನ್ನು ನಂಬಿ ಓದಿದವರನ್ನು ನೋಡಬೇಕಿದ್ದರೆ ನಮ್ಮ ಕಡೆಯ ಯುಗಾದಿ ಊಟಕ್ಕೆ ಬರಬೇಕು. ಒಂದು ಕಾಲಕ್ಕೆ ಬೇಡಿಕೆಯ ಪಟ್ಟಿಯಲ್ಲಿ ಅಡುಗೆಯವರೂ ಕೂದಲು ಕತ್ತರಿಸುವವರೂ ಇದ್ದರು. ಬೀದಿಗೊಂದು ಕಾಲೇಜು ಎದ್ದು, ಮನೆಯಲ್ಲಿ ಹಾಲು ಉಕ್ಕಿದರೂ ಎದ್ದು ಹೋಗದ ಗಂಡುಮಕ್ಕಳು ಪಾಕಶಾಸ್ತ್ರಕ್ಕೆ ಸೇರಿದರು. ಓದಿನ ಜೊತೆಗೆ 900 ಗಂಟೆ ಅಡುಗೆಮನೆಯಲ್ಲಿ ದುಡಿದ ಅನುಭವವನ್ನೂ ತೋರಿಸಬೇಕಿತ್ತು. 2010ರ ಫೆಬ್ರವರಿಯಲ್ಲಿ ಸರ್ಕಾರ ಆ ಪಟ್ಟಿಯನ್ನೇ ರದ್ದು ಮಾಡಿತು. ಈರುಳ್ಳಿ ಹೆಚ್ಚುತ್ತಿದ್ದವರು ಬೇರೆ ಕಾರಣಕ್ಕೂ ಅತ್ತರು. ಅದಕ್ಕೆ ಮುಂಚೆ ದಡ ಸೇರಿದವರಲ್ಲಿ ಒಬ್ಬರು ಈಗ ಸರಕು ಸಾಗಣೆ ಕಚೇರಿಯಲ್ಲಿದ್ದಾರೆ. ಅವರ 900 ಗಂಟೆಯ ಫಲ ನಮಗೆ ವರ್ಷಕ್ಕೊಮ್ಮೆ ಬಿಸಿಬೇಳೆಬಾತಾಗಿ ದಕ್ಕುತ್ತದೆ. ಕೂದಲ ಕಸುಬು ಕಲಿತ ಇನ್ನೊಬ್ಬರು ವಿಮೆ ಮಾರುತ್ತಾರೆ. ಪಾಲಿಸಿಯ ವಿವರ ಹೇಳುವಾಗಲೂ ಅವರ ಕಣ್ಣು ನಮ್ಮ ನೆತ್ತಿಯ ಮೇಲೇ ಇರುತ್ತದೆ.

'ಇವನು ಓದಿ ಮುಗಿಸೋದ್ರೊಳಗೆ ಪಟ್ಟಿ ಬದಲಾದ್ರೆ ಏನ್ಮಾಡ್ತೀರಿ ಭಾವ?' ಎಂದೆ. 'ಅಪಶಕುನ ನುಡೀಬ್ಯಾಡ, ಅಂಕ ಹೇಳು' ಎಂದರು.

ಅಂಕದ ಲೆಕ್ಕ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಜಾತಕದಲ್ಲಿ 36ಕ್ಕೆ 18 ಗುಣ ಕೂಡಿದರೆ ಮಾತು ಮುಂದುವರಿಸುವ ಹಾಗೆ, ಇಲ್ಲಿ ಕನಿಷ್ಠ 65 ಕೂಡಿದರೆ ಅರ್ಜಿ ಹಾಕುವ ಮಾತು. ಕೂಡಿದ ಮಾತ್ರಕ್ಕೆ ಕರೆ ಬಂತೆಂದಲ್ಲ. ವಯಸ್ಸು 25ರಿಂದ 32 ಇದ್ದರೆ 30. ಪದವಿಗೆ 15. ಇಂಗ್ಲಿಷಿನಲ್ಲಿ ಐಇಎಲ್‌ಟಿಎಸ್ ನಾಲ್ಕೂ ವಿಭಾಗದಲ್ಲಿ 7 ಬಂದರೆ 10. ಎರಡು ವರ್ಷ ಇಲ್ಲೇ ಓದಿದ್ದಕ್ಕೆ 5. ಕೂಡಿಸಿದರೆ 60. ಭಾವ ನಿಟ್ಟುಸಿರು ಬಿಟ್ಟರು.

ಉಳಿದ 5 ಸಿಕ್ಕಿದ್ದು ಯಾರೂ ಹುಡುಕದ ಕಡೆ: ಕನ್ನಡದಲ್ಲಿ. ಸಮುದಾಯ ಭಾಷೆಗಳಿಗೆ ಇಲ್ಲೊಂದು ಪರೀಕ್ಷೆಯಿದೆ, ಆ ಭಾಷೆಗಳಲ್ಲಿ ಕನ್ನಡವೂ ಇದೆ. ಎರಡು ಸಂಭಾಷಣೆ; ಒಬ್ಬರು ಇಂಗ್ಲಿಷ್, ಒಬ್ಬರು ಕನ್ನಡ; ನಡುವೆ ಕೂತು ಆ ಮಾತನ್ನು ಈ ಕಡೆಗೂ ಈ ಮಾತನ್ನು ಆ ಕಡೆಗೂ ತಿರುಗಿಸಬೇಕು. 90ಕ್ಕೆ 63 ಬಂದರೆ ಪಾಸು. ಅಕ್ಕ ಒಡವೆ ಅಡವಿಟ್ಟು ಅವನನ್ನು ಸೇರಿಸಿದ್ದ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ದಂಡವಿತ್ತು. ಹುಡುಗ ದಂಡ ಕಟ್ಟದೆ ಬೆಳೆದವನು.

ಹಾಗಾಗಿ ನಮ್ಮಮ್ಮ ವೀಡಿಯೊ ಕಾಲಿನಲ್ಲಿ ಪಾಠಕ್ಕೆ ಕೂತಳು. ಅಮ್ಮ ರೋಗಿ, ನನ್ನ ಹೆಂಡತಿ ಇಂಗ್ಲಿಷ್ ಡಾಕ್ಟರು, ಮೊಮ್ಮಗ ನಡುವೆ. ಅಮ್ಮನಿಗೆ ನಟಿಸುವ ಅಗತ್ಯವೇ ಬೀಳಲಿಲ್ಲ. ಮಂಡಿನೋವು, ಬಿಪಿ, ಉಪ್ಪಿಲ್ಲದ ಸಾರು ಮಾಡುವ ಸೊಸೆ, ಎಲ್ಲ ಸಿದ್ಧವಿತ್ತು. ಪರೀಕ್ಷೆಯಲ್ಲಿ ಒಂದು ತುಣುಕು 35 ಪದ ಮೀರುವುದಿಲ್ಲ. ಅಮ್ಮ ಉಸಿರೆಳೆದುಕೊಳ್ಳುವುದೇ ಇನ್ನೂರು ಪದಕ್ಕೊಮ್ಮೆ. ಸೊಸೆಯ ಭಾಗ ಬಂದಾಗ ಹುಡುಗ ಡಾಕ್ಟರ ಮುಖ ನೋಡಿ, ಬರೀ ಮಂಡಿನೋವನ್ನಷ್ಟೇ ಇಂಗ್ಲಿಷಿಗೆ ತಂದ. ಅವನು ಈ ದೇಶದಲ್ಲಿ ಬದುಕಿಕೊಳ್ಳುತ್ತಾನೆ ಎಂಬ ಧೈರ್ಯ ನನಗೆ ಬಂದದ್ದು ಆಗಲೇ.

ಅಂತೂ 65 ಕೂಡಿತು. ಆದರೆ ಮದುವೆಯಾಗದವನಿಗೆ ಇನ್ನೂ 10 ಅಂಕ ಇದೆ ಎಂದು ನಾನು ಬಾಯಿ ಬಿಟ್ಟೆ. ಮಗನ ಬ್ರಹ್ಮಚರ್ಯಕ್ಕೆ ಸರ್ಕಾರವೇ ಬೆಲೆ ಕಟ್ಟಿದ್ದು ಕೇಳಿ ಅಕ್ಕ ಅತ್ತೇಬಿಟ್ಟಳು. ಸಮಾಧಾನಕ್ಕೆಂದು ಉಳಿದ ನಿಯಮವನ್ನೂ ಹೇಳಿದೆ: ಹೆಂಡತಿಗೆ ಬರೀ ಇಂಗ್ಲಿಷ್ ಬಂದರೆ 5; ಇಂಗ್ಲಿಷಿನ ಜೊತೆ ಪಟ್ಟಿಯಲ್ಲಿರುವ ಕಸುಬೂ ಇದ್ದು ಅದು ಮಾನ್ಯವಾದರೆ ಆ 10 ಅಂಕ ಹಾಗೇ ಉಳಿಯುತ್ತದೆ.

ದೊಡ್ಡ ಮಗಳ ಮದುವೆಯ ಹೊತ್ತಿಗೆ ಒಳಪಂಗಡ ಬೇರೆಯೆಂದು ಒಳ್ಳೊಳ್ಳೆಯ ಸಂಬಂಧಗಳನ್ನು ಕೈಬಿಟ್ಟಿದ್ದ ಭಾವ, ಮಾರನೇ ದಿನವೇ ಪತ್ರಿಕೆಗೆ ಜಾಹೀರಾತು ಬರೆದು, ಅಕ್ಷರ ತಪ್ಪಿದೆಯೇ ನೋಡೆಂದು ನನಗೆ ಕಳಿಸಿದರು: 'ವಧು ಬೇಕಾಗಿದೆ. ವರ ಆಸ್ಟ್ರೇಲಿಯಾಕ್ಕೆ ಹೊರಟಿರುವ, 65 ಅಂಕದ ಸುಸಂಸ್ಕೃತ. ವಧುವಿಗೆ ಐಇಎಲ್‌ಟಿಎಸ್ 6 ಕಡ್ಡಾಯ. ನರ್ಸ್, ಟೀಚರ್‌ಗಳಿಗೆ ಆದ್ಯತೆ. ಟೈಲ್ಸ್ ಹಾಕಲು ಬಂದರೂ ನಡೆದೀತು. ಜಾತಕ ಬೇಡ. ಜಾತಿ, ಒಳಪಂಗಡ ಅಡ್ಡಿಯಿಲ್ಲ. ಪಟ್ಟಿಯಲ್ಲಿ ಇಲ್ಲದವರು ದಯವಿಟ್ಟು ಕ್ಷಮಿಸಿ.'